ಹಗೇವಿನ ಗಾಳಿ, ಗೋಲಿ ಸೋಡಾದ ಗ್ಯಾಸು

ರಾಗಿ ತುಂಬಿಟ್ಟ ನೆಲದಡಿಯ ಗುಂಡಿಯನ್ನು, ಅಂದರೆ ಹಗೇವನ್ನು, ತೆಗೆಯುವ ದಿನ ಮನೆಯ ಹಿರಿಯರು ಮೊದಲು ತರಿಸುತ್ತಿದ್ದುದು ಲಾಂದ್ರವನ್ನು. ಬಾಯಿಗೆ ಮೆತ್ತಿದ್ದ ಮಣ್ಣು ಕೆರೆದು, ಚಪ್ಪಡಿ ಸರಿಸಿ, ಗುಂಡಿಯನ್ನು ಹಾಗೆಯೇ ತೆರೆದುಬಿಟ್ಟು ಎಲೆಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಸಾಕಷ್ಟು ಹೊತ್ತು ಕಳೆದ ಮೇಲೆ ಲಾಂದ್ರವನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಡುವುದು. ಉರಿ ನೆಟ್ಟಗೆ ನಿಂತರೆ ಆಳು ಇಳಿಯಬಹುದು. ಉರಿ ಕುಗ್ಗಿ ಆರಿತೋ, ಇನ್ನೂ ಕಾಯಬೇಕು, ಕಂಬಳಿ ಬೀಸಿ ಗಾಳಿಯಾಡಿಸಬೇಕು. ಅವಸರಕ್ಕೆ ಇಳಿದವನು ಮೇಲೆ ಬರಲಿಲ್ಲ, ಅವನನ್ನು ಎತ್ತಲು ಇಳಿದವನೂ ಬರಲಿಲ್ಲ ಎಂಬಂಥ ಸುದ್ದಿ ಹಳೇ ಮೈಸೂರು ಸೀಮೆಗೆ ಹೊಸದಲ್ಲ. ದೀಪ ಆರಿದ ಕಡೆ ಮನುಷ್ಯ ಇಳಿಯಬಾರದು ಎಂಬುದನ್ನು ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರದ ಒಕ್ಕಲು ಮನೆಗಳಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ಹಗೇವಿನೊಳಗೆ ಕೂತಿದ್ದುದು ಇಂಗಾಲದ ಡೈಆಕ್ಸೈಡ್. ಗುಡಾಣದಂತೆ ಹೊಟ್ಟೆ ಅಗಲ, ಬಾಯಿ ಕಿರಿದಾಗಿ ತೋಡಿದ ಗುಂಡಿಯಲ್ಲಿ ಹುಲ್ಲು ಹಾಸಿ ತುಂಬಿದ ರಾಗಿ ಸತ್ತ ವಸ್ತುವಲ್ಲ. ಕಾಳು ಉಸಿರಾಡುತ್ತದೆ, ಕಾಳಿನ ನಡುವಿನ ಹುಳವೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ಸವೆದು ಈ ಗಾಳಿ ತುಂಬಿಕೊಳ್ಳುತ್ತದೆ. ಸಾಧಾರಣ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಬಾಯಿ ತೆರೆದರೂ ತಾನಾಗಿ ಬೇಗ ಎದ್ದು ಹೋಗುವುದಿಲ್ಲ. ಹುಳವನ್ನು ಕೊಂದು ರಾಗಿಯನ್ನು ವರ್ಷಗಟ್ಟಲೆ ಕಾಯುತ್ತಿದ್ದುದೂ ಅದೇ, ಇಳಿದ ಆಳನ್ನು ಕೊಲ್ಲುತ್ತಿದ್ದುದೂ ಅದೇ. ಬರಗಾಲದಲ್ಲಿ ಊರನ್ನು ಉಳಿಸಿದ ಕಣಜ ಈ ಹಗೇವು. ಹಾಗಾಗಿ ಆ ಗಾಳಿಗೆ ಹೆದರುತ್ತಲೇ ಅದರ ಋಣದಲ್ಲೂ ಇದ್ದ ಜನ ಇವರು.

ಅದೇ ಊರುಗಳಲ್ಲೀಗ ಆ ಗಾಳಿಯನ್ನು ದುಡ್ಡು ಕೊಟ್ಟು ತುಂಬಿಸಿಕೊಳ್ಳುವವರಿದ್ದಾರೆ. ಗಾಜಿನ ತೊಟ್ಟಿಯಲ್ಲಿ ಮೀನಿಗಿಂತ ಗಿಡವನ್ನೇ ಮುಖ್ಯವಾಗಿ ಬೆಳೆಸುವ ‘ಪ್ಲಾಂಟೆಡ್ ಟ್ಯಾಂಕ್’ ಹವ್ಯಾಸ ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಈ ಕಡೆಗೂ ಬಂದಿದೆ. ಟ್ಯಾಂಕಿನವರ ಬಾಯಲ್ಲಿ ಆ ಗಾಳಿ ‘ಸಿಓಟು’. ಎರಡು ಕಿಲೋ ಸಿಲಿಂಡರು, ರೆಗ್ಯುಲೇಟರು, ಬಬಲ್ ಕೌಂಟರು. ಸೆಕೆಂಡಿಗೆ ಒಂದು ಗುಳ್ಳೆ, ಎರಡು ಗುಳ್ಳೆ ಎಂದು ಎಣಿಸಿ ಬಿಡುತ್ತಾರೆ. ಆದರೆ ಸಿಲಿಂಡರು ಖಾಲಿಯಾದ ದಿನ ಅವರು ಹೋಗುವುದು ಮೀನಿನ ಅಂಗಡಿಗಲ್ಲ. ಸೋಡಾ ಮಾಡುವವರ ಹತ್ತಿರ, ಬೆಂಕಿ ಆರಿಸುವ ಸಿಲಿಂಡರು ತುಂಬುವವರ ಹತ್ತಿರ, ವೆಲ್ಡಿಂಗಿನ ಗ್ಯಾಸ್ ಮಾರುವವರ ಹತ್ತಿರ. ಈ ಹವ್ಯಾಸಕ್ಕೆ ತನ್ನದೇ ಗ್ಯಾಸಿನಂಗಡಿ ಇಲ್ಲ. ಬೇರೆ ಕಸುಬುಗಳು ಹಾಸಿಕೊಟ್ಟ ದಾರಿಯಲ್ಲಿ ಅದು ನಡೆಯುತ್ತಿದೆ, ಆ ದಾರಿಯಲ್ಲಿ ಎಲ್ಲಕ್ಕಿಂತ ಹಳೆಯದು ಗೋಲಿ ಸೋಡಾ.

1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಿಯರ್ ಹುಳಿಯುವ ತೊಟ್ಟಿಯ ಮೇಲೆ ನಿಂತ ಗಾಳಿಯನ್ನು ನೀರಿಗೆ ಬೆರೆಸಿ ಕುಡಿದು ನೋಡಿದ. ನಾಲಗೆಗೆ ಚುರುಕು ಹತ್ತಿತು. 1772ರಲ್ಲಿ ಅದನ್ನು ಮಾಡುವ ಬಗೆಯನ್ನು ಅಚ್ಚು ಹಾಕಿಸಿದ. 1783ರಲ್ಲಿ ಜಿನೀವಾದ ಯೋಹಾನ್ ಯಾಕೋಬ್ ಶ್ವೆಪ್ ಅದನ್ನೇ ವ್ಯಾಪಾರ ಮಾಡಿದ. ನೀರಿಗೆ ಅಡಿಗೆ ಸೋಡಾ ಸೇರಿಸುವ ರೂಢಿಯಿಂದ ಪಾನೀಯಕ್ಕೆ ‘ಸೋಡಾ’ ಎಂಬ ಹೆಸರು ಅಂಟಿಕೊಂಡಿತು. ಆ ಕಾಲದ ಸೋಡಾ ತಯಾರಕರಿಗೆ ಸಿಲಿಂಡರ್ ಇರಲಿಲ್ಲ. ಸೀಮೆಸುಣ್ಣದಂಥ ಸುಣ್ಣದ ಕಲ್ಲಿನ ಪುಡಿಗೆ ಗಂಧಕಾಮ್ಲ ಸುರಿದು, ನೊರೆಯೆದ್ದು ಬರುವ ಗ್ಯಾಸನ್ನು ತೊಳೆದು ನೀರಿಗೆ ಒತ್ತುತ್ತಿದ್ದರು. ಕೈಗೂ ಬಟ್ಟೆಗೂ ಆಮ್ಲ ಸಿಡಿಯುವ ಕೆಲಸ.

ಸಿಲಿಂಡರ್ ಬರಬೇಕಾದರೆ ಈ ಗಾಳಿ ದ್ರವವಾಗಬೇಕಿತ್ತು. ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ 1823ರಲ್ಲಿ ಅದನ್ನು ಒತ್ತಡದಲ್ಲಿ ದ್ರವ ಮಾಡಿ ತೋರಿಸಿದ. 1835ರಲ್ಲಿ ಫ್ರಾನ್ಸಿನ ಥಿಲೋರಿಯೆ ಅದು ಹಿಮದಂತೆ ಗಟ್ಟಿಯಾಗುವುದನ್ನು ಕಂಡ. ಗ್ಯಾಸನ್ನು ದ್ರವ ಮಾಡುವ ಅಂಥ ಯಂತ್ರವೊಂದು 1840ರಲ್ಲಿ ಪ್ಯಾರಿಸ್ಸಿನಲ್ಲಿ ಸಿಡಿದು, ನಡೆಸುತ್ತಿದ್ದ ಸಹಾಯಕ ಸತ್ತ. ಭದ್ರವಾದ ಉಕ್ಕಿನ ಸಿಲಿಂಡರಿನಲ್ಲಿ ದ್ರವ ಗ್ಯಾಸು ವ್ಯಾಪಾರಕ್ಕೆ ಬಂದದ್ದು 1880ರ ದಶಕದ ಜರ್ಮನಿಯಲ್ಲಿ. ಭಾರತದಲ್ಲಿ ಸಿಲಿಂಡರುಗಳನ್ನು ಕಾನೂನು ವಿಶೇಷವಾಗಿ ಗಮನಿಸಿದ್ದು 1940ರ ಗ್ಯಾಸ್ ಸಿಲಿಂಡರ್ ನಿಯಮಗಳಲ್ಲಿ. ಇಂದಿಗೂ ಅವು 1884ರ ಸ್ಫೋಟಕ ಕಾಯ್ದೆಯ ನೆರಳಿನಲ್ಲೇ ಇದೆ.

ಗೋಲಿ ಬಾಟಲಿಯ ಕಥೆ ಬೇರೆ. ಗ್ಯಾಸು ತುಂಬಿದ ನೀರಿಗೆ ಬೂಚು ಹಾಕಿದರೆ ಒಣಗಿ ಸಡಿಲವಾಗಿ ಗ್ಯಾಸೆಲ್ಲ ಸೋರಿಹೋಗುತ್ತಿತ್ತು. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದ ಬಾಟಲಿಯಲ್ಲಿ ಕುತ್ತಿಗೆಯೊಳಗೆ ಒಂದು ಗೋಲಿ, ಬಾಯೊಳಗೆ ಒಂದು ರಬ್ಬರ್ ಬಳೆ. ಬಾಟಲಿಯನ್ನು ತಲೆಕೆಳಗೆ ಹಿಡಿದು ತುಂಬಿದರೆ ಗೋಲಿ ಬಾಯಿಗೆ ಜಾರಿ ಕೂರುತ್ತದೆ, ಒಳಗಿನ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತದೆ. ಮುಚ್ಚಳ ಬೇಡ, ಬೂಚು ಬೇಡ, ಬಾಟಲಿ ತೊಳೆದು ಮತ್ತೆ ತುಂಬಬಹುದು. ಯುರೋಪು ಅದನ್ನು ಮರೆತ ಎಷ್ಟೋ ಕಾಲದ ಮೇಲೂ ಭಾರತ ಉಳಿಸಿಕೊಂಡದ್ದು ಈ ಕಾರಣಕ್ಕೇ. ಕಡಿಮೆ ಬಂಡವಾಳದ ಮನುಷ್ಯ ಒಂದು ಯಂತ್ರ, ಒಂದು ಸಿಲಿಂಡರು, ಹತ್ತಾರು ಕ್ರೇಟು ಬಾಟಲಿ ಇಟ್ಟುಕೊಂಡು ‘ಸೋಡಾ ಫ್ಯಾಕ್ಟರಿ’ ಎಂದು ಬೋರ್ಡು ಹಾಕಬಹುದಿತ್ತು. ಗಾಜು ಈ ಸೀಮೆಗೆ ಅಪರಿಚಿತವೂ ಅಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಗಾಜಿನ ಕೆಲಸವನ್ನೂ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ ಬರೆದಿಟ್ಟಿದ್ದಾನೆ.

ಇನ್ನು ಸೋಡಾ ಈ ಕಡೆಗೆ ಬಂದ ದಾರಿ. ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ನೆಲೆಯೂರಿತು, ಬೆಂಗಳೂರು–ಮೈಸೂರು ರೈಲು 1882ರಲ್ಲಿ ಓಡಿತು. ರಾಮನಗರ ಆಗಿನ್ನೂ ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸನ ಹೆಸರಿನ ಕ್ಲೋಸ್‌ಪೇಟೆ. ಬಿಳಿಯರ ಮೇಜಿನ ಪಾನೀಯ ಸಂತೆಯ ಪಾನೀಯವಾದದ್ದು ಇಂಥ ದಾರಿಗಳ ಮೇಲೆಯೇ. ಮಾಗಡಿ, ಕನಕಪುರಗಳು ರೈಲು ಹಾದಿಯಲ್ಲಿ ಇಲ್ಲ. ಅಲ್ಲಿ ಬಸ್ ನಿಲ್ದಾಣ, ಜಾತ್ರೆ, ಟೆಂಟ್ ಸಿನಿಮಾ ಆ ಕೆಲಸ ಮಾಡಿದವು.

ಸೋಡಾ ಮಿಷನ್ನಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. ಕಬ್ಬಿಣದ ಚೌಕಟ್ಟು, ನಡುವೆ ಬಾಟಲಿಗಳನ್ನು ಬಿಗಿಯುವ ತೊಟ್ಟಿಲು, ಪಕ್ಕದಲ್ಲಿ ಕೈಹಿಡಿಯ ಚಕ್ರ. ಸಿಲಿಂಡರಿನಿಂದ ಬಂದ ಕೊಳವೆ ತೊಟ್ಟಿಲಿಗೆ ಕೂಡುತ್ತದೆ. ನೀರು ತುಂಬಿದ ಬಾಟಲಿಗಳನ್ನು ಕೂರಿಸಿ, ವಾಲ್ವು ತೆರೆದು, ಚಕ್ರ ತಿರುಗಿಸಿದರೆ ಬಾಟಲಿಗಳು ಗಿರಗಿರನೆ ಮಗುಚುತ್ತವೆ. ನೀರು ಕುಲುಕಿದಷ್ಟೂ ಗ್ಯಾಸು ಕರಗುತ್ತದೆ, ತಣ್ಣಗಿದ್ದಷ್ಟೂ ಹೆಚ್ಚು ಹಿಡಿಯುತ್ತದೆ. ತಿರುಗಿಸುವವನು ಎಣಿಸುವುದಿಲ್ಲ, ಕೇಳುತ್ತಾನೆ. ಕೊಳವೆಯ ಹಿಸ್ಸೆನ್ನುವ ಸದ್ದು ಸಣ್ಣಗಾಗುವುದರಲ್ಲೇ ಅವನಿಗೆ ಸಾಕು ಅನ್ನುವುದು ತಿಳಿಯುತ್ತದೆ. ಗಾಜಿನಲ್ಲಿ ಕೂದಲೆಳೆ ಬಿರುಕಿದ್ದರೆ ಬಾಟಲಿ ಒಡೆದು ಚೂರು ಹಾರುತ್ತದೆ. ಕೈ ಗಾಯವಾಗದೆ ಕಸುಬು ಕಲಿತವರು ಕಡಿಮೆ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಿಗಬೇಕಾದದ್ದೇ. ಅದೇ ಬೀದಿಯ ಸೋಡಾದವರ ಕೈಚಳಕವೂ ಕಸುಬೇ ಎಂದು ಬರೆದಿಡುವವರು ಬೇಕಿತ್ತು.

ಕೋಕಾಕೋಲಾ 1977ರಲ್ಲಿ ದೇಶ ಬಿಟ್ಟಿತು, 1993ರಲ್ಲಿ ಮರಳಿತು. ಆಮೇಲೆ ಪ್ಲಾಸ್ಟಿಕ್ ಬಾಟಲಿ ಬಂತು, ಗೋಲಿ ಸೋಡಾ ಹಿಂದೆ ಸರಿಯಿತು. ಕೋಲಾ ತುಂಬುವ ದೊಡ್ಡ ಕಾರ್ಖಾನೆಯೊಂದು ರಾಮನಗರ ತಾಲ್ಲೂಕಿನ ಬಿಡದಿಯಲ್ಲೇ ಎದ್ದಿತು. ಅಂಥ ಕಡೆ ಗ್ಯಾಸು ಸಿಲಿಂಡರಿನಲ್ಲಲ್ಲ, ತಣ್ಣಗಿನ ದ್ರವವಾಗಿ ಟ್ಯಾಂಕರಿನಲ್ಲಿ ಬರುತ್ತದೆ. 1997ರಲ್ಲಿ ಹುಟ್ಟಿದ ಟೊಯೋಟಾ ಕಿರ್ಲೋಸ್ಕರ್ ಕಂಪನಿಯ ಕಾರ್ಖಾನೆಯೂ ಬಿಡದಿಗೆ ಬಂತು. ಸುತ್ತ ಬಿಡಿಭಾಗದ ಶೆಡ್ಡುಗಳು ಬೆಳೆದವು, ಕನಕಪುರದ ಕಡೆ ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಾಯಿತು. ಉಕ್ಕು ಬೆಸೆಯುವಾಗ ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯಲು ಇದೇ ಗ್ಯಾಸು ಬೇಕು. ಸೋಡಾದವರು ಕಡಿಮೆಯಾದ ಕಾಲಕ್ಕೆ ಸರಿಯಾಗಿ ವೆಲ್ಡಿಂಗಿನವರು ಬಂದರು, ಸಿಲಿಂಡರು ಸಾಗಿಸುವ ಗಾಡಿ ನಿಲ್ಲಲಿಲ್ಲ. ಟ್ಯಾಂಕಿನ ಹುಡುಗರಿಗೆ ಗ್ಯಾಸು ಸಿಗುತ್ತಿರುವುದು ಈ ಕಾರಣದಿಂದ.

ಅಷ್ಟು ಗ್ಯಾಸು ಬರುವುದಾದರೂ ಎಲ್ಲಿಂದ? ಇದಕ್ಕಾಗಿಯೇ ಒಲೆ ಹಚ್ಚುವುದು ಕಡಿಮೆ. ರಸಗೊಬ್ಬರ ಕಾರ್ಖಾನೆಯಲ್ಲೋ ಡಿಸ್ಟಿಲರಿಯಲ್ಲೋ ಬೇರೇನನ್ನೋ ಮಾಡುವಾಗ ಹುಟ್ಟುವುದನ್ನು ಹಿಡಿದು ಶುದ್ಧಮಾಡುತ್ತಾರೆ. ಪಕ್ಕದ ಮಂಡ್ಯ ಕಬ್ಬಿನ ಸೀಮೆ; ಮೈಸೂರು ಸಕ್ಕರೆ ಕಂಪನಿ ಅಲ್ಲಿ 1933ರಲ್ಲಿ ಆರಂಭವಾಯಿತು. ಕಾಕಂಬಿ ಹುಳಿತು ಮದ್ಯಸಾರವಾಗುವಾಗ ಒಂದು ಲೀಟರಿಗೆ ಸುಮಾರು ಮುಕ್ಕಾಲು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಹಿಡಿಯದಿದ್ದರೆ ಆಕಾಶಕ್ಕೆ. ಸಿಲಿಂಡರಿಗೆ ಕಾಸಿಲ್ಲದ ಹವ್ಯಾಸಿಗಳು ಇದನ್ನೇ ಮನೆಯಲ್ಲಿ ಮಾಡುತ್ತಾರೆ. ಹಳೇ ತಂಪುಪಾನೀಯದ ಬಾಟಲಿಗೆ ಸಕ್ಕರೆ ಅಥವಾ ಬೆಲ್ಲದ ನೀರು, ಚಿಟಿಕೆ ಯೀಸ್ಟು, ಮುಚ್ಚಳಕ್ಕೊಂದು ಕೊಳವೆ. ಲೆಕ್ಕದ ಪ್ರಕಾರ ಸಕ್ಕರೆಯ ತೂಕದ ಅರ್ಧದಷ್ಟು ಗ್ಯಾಸು ಬರಬೇಕು. ಆದರೆ ಮದ್ಯ ಏರಿದ ಹಾಗೆ ಯೀಸ್ಟು ಸೋಲುತ್ತದೆ, ಒಂದೆರಡು ವಾರಕ್ಕೆ ಗುಳ್ಳೆ ನಿಲ್ಲುತ್ತದೆ. ಇನ್ನು ಕೆಲವರದು ಅಡಿಗೆ ಸೋಡಾ ಮತ್ತು ನಿಂಬೆಹುಳಿ ಬೆರೆಸುವ ಜೋಡಿ ಬಾಟಲಿ. ಸಿಲಿಂಡರ್ ಇಲ್ಲದ ಕಾಲದ ಸೋಡಾ ತಯಾರಕರ ವಿದ್ಯೆ ಗಂಧಕಾಮ್ಲ ಬಿಟ್ಟು ಹೀಗೆ ಮನೆಯೊಳಗೆ ಬಂದಿದೆ.

ಗಿಡಕ್ಕೆ ಇಷ್ಟೆಲ್ಲ ಯಾಕೆ ಬೇಕು ಎನ್ನುವುದಕ್ಕೆ ಹೈಸ್ಕೂಲಿನ ಒಂದು ಪ್ರಯೋಗ ನೆನಪಿಸಿಕೊಂಡರೆ ಸಾಕು. ಕೆರೆಯಿಂದ ತಂದ ಹೈಡ್ರಿಲ್ಲದ ಎಳೆಗಳ ಮೇಲೆ ಗಾಜಿನ ಆಲಿಕೆ ಬೋರಲು ಹಾಕಿ, ಮೇಲೆ ಪ್ರನಾಳ ಇಟ್ಟು, ಬಿಸಿಲಿಗಿಡುವುದು. ನೀರಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಗುಳ್ಳೆ ಜೋರು. ಕಾರಣ ಇಷ್ಟು: ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಹೈಡ್ರಿಲ್ಲ ನೀರಿನ ಬೈಕಾರ್ಬೊನೇಟಿನಿಂದಲೂ ಇಂಗಾಲ ಕಿತ್ತುಕೊಳ್ಳಬಲ್ಲದು, ಹಾಗಾಗಿ ಕೆರೆ ತುಂಬಾ ಹಬ್ಬುತ್ತದೆ. ಟ್ಯಾಂಕಿನವರು ಇಷ್ಟಪಡುವ ಕೆಂಪೆಲೆ ಗಿಡಗಳಲ್ಲಿ ಎಷ್ಟಕ್ಕೋ ಆ ಶಕ್ತಿ ಇಲ್ಲ. ದೀಪ ಜೋರಾಗಿಟ್ಟು ಗ್ಯಾಸು ಕೊಡದಿದ್ದರೆ ಗಿಡ ಸೊರಗಿ ಪಾಚಿ ಗೆಲ್ಲುತ್ತದೆ. ಈ ಗಿಡದ ತೊಟ್ಟಿಯನ್ನು ಕಲೆಯ ಮಟ್ಟಕ್ಕೆ ಏರಿಸಿದ ಜಪಾನಿನ ತಕಾಶಿ ಅಮಾನೊ 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು. 1982ರಲ್ಲಿ ಅವರು ಕಟ್ಟಿದ ಕಂಪನಿ ಟ್ಯಾಂಕಿಗೆಂದೇ ಗ್ಯಾಸಿನ ಸಲಕರಣೆ ಮಾರಿತು.

ಸಿಲಿಂಡರು ತುಂಬಿಸುವ ಕೆಲಸಕ್ಕೆ ಬಂದರೆ ತಕ್ಕಡಿಯೇ ಮುಖ್ಯ. ಮೀಟರಿನ ಮುಳ್ಳನ್ನು ನಂಬಿ ಹೊಸಬರು ಮೋಸ ಹೋಗುತ್ತಾರೆ. ಒಳಗೆ ದ್ರವ ಇರುವಷ್ಟು ಕಾಲ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ ಸುಮಾರು 57 ಬಾರ್‌ನಲ್ಲೇ ನಿಂತಿರುತ್ತದೆ, ಸಿಲಿಂಡರು ತುಂಬಿದ್ದರೂ ಅಷ್ಟೆ, ಅರ್ಧ ಉಳಿದಿದ್ದರೂ ಅಷ್ಟೆ. ದ್ರವ ಮುಗಿದ ಕ್ಷಣದಿಂದ ಮುಳ್ಳು ಬೀಳತೊಡಗುತ್ತದೆ. ಆದ್ದರಿಂದ ಭುಜದ ಮೇಲೆ ಕೊರೆದಿರುವ ಬರಿದು ತೂಕವನ್ನು ಓದಿ, ಈಗಿನ ತೂಕದಿಂದ ಕಳೆಯಬೇಕು. ಒಳಗಿನ ಜಾಗದ ಒಂದು ಲೀಟರಿಗೆ ಸುಮಾರು 670 ಗ್ರಾಂ ತುಂಬುವುದು ಮಿತಿ. ಉಳಿದ ಜಾಗ ಬೇಸಗೆಗೆಂದು ಬಿಟ್ಟದ್ದು. 31 ಡಿಗ್ರಿ ದಾಟಿದರೆ ಈ ಗ್ಯಾಸಿನಲ್ಲಿ ದ್ರವ ಬೇರೆ, ಆವಿ ಬೇರೆ ಎಂಬ ಭೇದವೇ ಉಳಿಯುವುದಿಲ್ಲ, ಒತ್ತಡ ಸರ್ರನೆ ಏರುತ್ತದೆ. ರಾಮನಗರದ ಬಂಡೆ ಕಾಯುವ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ 31 ಡಿಗ್ರಿ ದಾಟುವುದು ಸಾಮಾನ್ಯ. ಅಳತೆ ಮೀರಿ ತುಂಬಿದ ಸಿಲಿಂಡರನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡುವುದು ಪ್ರಾಣದ ಜೊತೆ ಆಟ.

ಸೋಡಾದವರ 30 ಕಿಲೋ ಸಿಲಿಂಡರನ್ನು ತಲೆಕೆಳಗೆ ನಿಲ್ಲಿಸಿ, ತಣ್ಣಗೆ ಮಾಡಿದ ಚಿಕ್ಕ ಸಿಲಿಂಡರಿಗೆ ದ್ರವ ಇಳಿಸುವ ಅಭ್ಯಾಸ ಹಳೆಯದು, ಅಪಾಯದ್ದೂ ಹೌದು. ಪರವಾನಗಿ ಇಲ್ಲದವರು ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ತುಂಬುವಂತಿಲ್ಲ, ಈಗ ನಡೆಯುವುದು 2016ರ ಗ್ಯಾಸ್ ಸಿಲಿಂಡರ್ ನಿಯಮ. ಸಿಲಿಂಡರಿಗೆ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು, ಪರೀಕ್ಷೆಯ ತಿಂಗಳು ಮತ್ತು ವರ್ಷ ಮೈಮೇಲೆ ಕೊರೆದಿರಬೇಕು. ಗುಜರಿಯಲ್ಲಿ ಸಿಕ್ಕ ಬೆಂಕಿ ಆರಿಸುವ ಸಿಲಿಂಡರಿಗೆ ಬಣ್ಣ ಬಳಿದು ತಂದುಕೊಂಡವರು ಮೊದಲು ಆ ಅಂಕಿಯನ್ನು ಹುಡುಕಬೇಕು. ಕಾಣದಿದ್ದರೆ ತುಂಬಿಕೊಡುವುದಿಲ್ಲ ಎನ್ನುವ ಅಂಗಡಿಯವರ ಮೇಲೆ ಸಿಟ್ಟಾಗುವ ಬದಲು ಅವರನ್ನೇ ಕಾಯಂ ಮಾಡಿಕೊಳ್ಳುವುದು ಒಳ್ಳೆಯದು.

ಸೋಡಾದವರ ಕಥೆಗೆ ಮರಳಿದರೆ, 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ದಾಟಿ ವಾಹನಗಳು ಹೋಗುತ್ತವೆ. ಹಳೇ ರಸ್ತೆಯ ಬೊಂಬೆ ಅಂಗಡಿ, ತಿಂಡಿ ಅಂಗಡಿಗಳಂತೆ ನಿಂಬೆ ಸೋಡಾದ ಗಾಡಿಗೂ ಪೆಟ್ಟು ಬಿತ್ತು. ಗೋಲಿ ಸೋಡಾ ಈಗ ಹಳೆಯ ನೆನಪಿನ ಹೊಸ ಸರಕಾಗಿ ಮದುವೆ ಮನೆಗಳಲ್ಲಿ, ಮೇಳಗಳಲ್ಲಿ ಮತ್ತೆ ಕಾಣಿಸಿಕೊಂಡಿದೆ.

ಇತ್ತ ಟ್ಯಾಂಕಿನವರು ತುಂಬಿಸಿದ ಎರಡು ಕಿಲೋ ಗ್ಯಾಸು ಮನೆಗೆ ಬಂದರೆ ಅದು ಸುಮಾರು ಸಾವಿರ ಲೀಟರ್ ಗಾಳಿ. ವಾಲ್ವಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡುತ್ತಾರೆ. ರಾತ್ರಿ ದೀಪದ ಜೊತೆಗೇ ಗ್ಯಾಸೂ ನಿಲ್ಲುವಂತೆ ಸ್ವಿಚ್ಚು ಜೋಡಿಸುತ್ತಾರೆ, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯುತ್ತಿರುತ್ತವೆ. ಟ್ಯಾಂಕಿನ ಮೂಲೆಗೆ ಅಂಟಿಸಿದ ಪುಟ್ಟ ಗಾಜಿನ ಬುರುಡೆಯಲ್ಲಿ ಬಣ್ಣದ ನೀರು ಇರುತ್ತದೆ. ಗ್ಯಾಸು ಕಡಿಮೆಯಾದರೆ ನೀಲಿ, ಹದವಾದರೆ ಹಸಿರು, ಮೀರಿದರೆ ಹಳದಿ. ಅಜ್ಜ ಲಾಂದ್ರದ ಉರಿ ನೋಡುತ್ತಿದ್ದ ಮನೆಯಲ್ಲಿ ಮೊಮ್ಮಗ ಶಾಲೆಗೆ ಹೊರಡುವ ಮುಂಚೆ ಆ ಬುರುಡೆಯ ಬಣ್ಣ ನೋಡಿ, ಸೂಜಿ ವಾಲ್ವನ್ನು ಒಂದು ಎಳೆಯಷ್ಟು ತಿರುಗಿಸಿ, ಮತ್ತೆ ಗುಳ್ಳೆ ಎಣಿಸುತ್ತಾನೆ.