ಬೆವರು ಕಾಣದ ನಾಡಿನಲ್ಲಿ ಮೂತ್ರಪಿಂಡ

ಮಂಗಳೂರಿನಲ್ಲಿ ವೈದ್ಯಕೀಯ ಓದಿ ಕುವೈತಿಗೆ ಬಂದ ನನಗೆ ಮೊದಲ ಬೇಸಿಗೆಯಲ್ಲಿ ವಿಚಿತ್ರವೆನಿಸಿದ್ದು ಇಲ್ಲಿನ ಬಿಸಿಲಲ್ಲ, ಬೆವರು ಕಣ್ಣಿಗೆ ಬೀಳದಿದ್ದುದು. ನಮ್ಮ ಕರಾವಳಿಯಲ್ಲಿ ಏಪ್ರಿಲ್ ತಿಂಗಳ 34 ಡಿಗ್ರಿಗೇ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇಲ್ಲಿ ಜುಲೈ ತಿಂಗಳ 48 ಡಿಗ್ರಿಯಲ್ಲಿ, ವಾಯವ್ಯದಿಂದ ಶಮಾಲ್ ಗಾಳಿ ಬೀಸುತ್ತಿರುವಾಗ, ಚರ್ಮ ಒಣಗಿಯೇ ಇರುತ್ತದೆ. ದೇಹ ಬೆವರುತ್ತಿಲ್ಲವೆಂದಲ್ಲ, ಬಿಸಿಲಿನಲ್ಲಿ ದುಡಿಯುವವನ ಮೈಯಿಂದ ಗಂಟೆಗೆ ಒಂದು ಲೀಟರ್ ಅಥವಾ ಅದಕ್ಕೂ ಹೆಚ್ಚು ನೀರು ಹೋಗುತ್ತಿರುತ್ತದೆ. ಆದರೆ ಒಣಗಾಳಿ ಅದನ್ನು ಹನಿಗಟ್ಟಲು ಬಿಡುವುದಿಲ್ಲ. ಸಂಜೆ ಅಂಗಿ ಬಿಚ್ಚಿದಾಗ ಕಾಣುವ ಬಿಳಿಯ ಉಪ್ಪಿನ ಗೆರೆಗಳಷ್ಟೇ ಅದಕ್ಕೆ ಸಾಕ್ಷಿ.

2016ರ ಜುಲೈ 21ರಂದು ವಾಯವ್ಯ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ತಾಪಮಾನ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಏಷ್ಯಾದ ಗರಿಷ್ಠವೆಂದು ಮಾನ್ಯ ಮಾಡಿದೆ. ಇಂಥ ನಾಡಿನಲ್ಲಿ ಬದುಕುವವರ ದೇಹದಲ್ಲಿ ಅತಿ ಹೆಚ್ಚು ದುಡಿಯುವ, ಅತಿ ಕಡಿಮೆ ದೂರುವ ಅಂಗವೆಂದರೆ ಮೂತ್ರಪಿಂಡ.

ಎರಡೂ ಸೇರಿ ಸುಮಾರು 300 ಗ್ರಾಂ ತೂಗುವ ಈ ಅಂಗಗಳು, ಹೃದಯ ಹೊರಹಾಕುವ ರಕ್ತದ ಐದನೇ ಒಂದು ಭಾಗವನ್ನು ತಮ್ಮತ್ತ ಸೆಳೆದುಕೊಳ್ಳುತ್ತವೆ. ಪ್ರತಿಯೊಂದರಲ್ಲಿಯೂ ನೆಫ್ರಾನ್ ಎಂಬ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ದಿನವೊಂದಕ್ಕೆ ಸೋಸಿ ಬರುವ ದ್ರವ ಸುಮಾರು 180 ಲೀಟರ್. ಮೂತ್ರವಾಗಿ ಹೊರಬೀಳುವುದು ಒಂದೂವರೆ, ಎರಡು ಲೀಟರ್ ಮಾತ್ರ. ಉಳಿದದ್ದೆಲ್ಲ ರಕ್ತಕ್ಕೇ ಮರಳುತ್ತದೆ. ಆದ್ದರಿಂದ ಮೂತ್ರಪಿಂಡವನ್ನು ಕಸ ಗುಡಿಸುವ ಅಂಗವೆಂದಷ್ಟೇ ಬಣ್ಣಿಸುವುದು ನನಗೆ ಒಪ್ಪಿಗೆಯಾಗದು. ಅದು ನೀರನ್ನು ಉಳಿಸುವ ಅಂಗವೂ ಹೌದು. ರಕ್ತ ಶೇಕಡ ಒಂದೆರಡರಷ್ಟು ಗಾಢವಾದರೂ ಮೆದುಳಿನ ಹೈಪೋಥಲಮಸ್ ಅದನ್ನು ಗುರುತಿಸಿ ವಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿಸುತ್ತದೆ. ಆಗ ಮೂತ್ರಪಿಂಡ ಮೂತ್ರವನ್ನು ರಕ್ತದ ನಾಲ್ಕು ಪಟ್ಟು ಗಾಢವಾಗುವವರೆಗೂ ಹಿಂಡಬಲ್ಲದು. ಅಲ್ಲಿಗೆ ಅದರ ಮಿತಿ ಮುಗಿಯಿತು. ದಿನದ ಕಲ್ಮಶ ಹೊರಹೋಗಲು ಕನಿಷ್ಠ ಅರ್ಧ ಲೀಟರ್ ನೀರು ಬೇಕೇ ಬೇಕು.

ಕೆಲವು ವರ್ಷಗಳ ಹಿಂದೆ ಕುಂದಾಪುರದ ಕಡೆಯ ಒಬ್ಬರು, ಹೊರಾಂಗಣದಲ್ಲಿ ದುಡಿಯುವವರು, ವಾಕರಿಕೆ ಮತ್ತು ಸುಸ್ತೆಂದು ನನ್ನ ಬಳಿ ಬಂದರು. ನೀರು ಎಷ್ಟು ಕುಡಿಯುತ್ತೀರೆಂದು ಕೇಳಿದೆ. "ಡಾಕ್ಟ್ರೇ, ಬೆವರೇ ಬರೂದಿಲ್ಲ, ಮತ್ತೆ ನೀರು ಎಂತಕ್ಕೆ?" ಎಂದರು. ಶೌಚಾಲಯ ದೂರವಿದ್ದುದರಿಂದ ಬೆಳಗಿನಿಂದಲೇ ಬಾಯಾರಿಕೆಯನ್ನು ತಡೆದುಕೊಳ್ಳುವುದು ರೂಢಿಯಾಗಿತ್ತು. ಜೊತೆಗೆ ಸೊಂಟನೋವಿಗೆಂದು ಹತ್ತು ದಿನಗಳಿಂದ ಡೈಕ್ಲೊಫೆನಾಕ್ ಮಾತ್ರೆ. ರಕ್ತದ ಕ್ರಿಯಾಟಿನಿನ್ ಒಂದರ ಆಸುಪಾಸಿನಲ್ಲಿರಬೇಕಾದದ್ದು 2.9ಕ್ಕೆ ಏರಿತ್ತು.

ಇಲ್ಲಿ ಆ ಮಾತ್ರೆಯ ಪಾತ್ರವನ್ನು ವಿವರಿಸಬೇಕು. ನೀರು ಕಡಿಮೆಯಾದಾಗ ದೇಹ ರಕ್ತನಾಳಗಳನ್ನು ಬಿಗಿಗೊಳಿಸಿ ರಕ್ತದೊತ್ತಡವನ್ನು ಕಾಯುತ್ತದೆ. ಆ ಬಿಗಿತ ಮೂತ್ರಪಿಂಡದ ಸೋಸುಕಗಳಿಗೆ ಹೋಗುವ ರಕ್ತವನ್ನೂ ತಡೆಯದಂತೆ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಅಲ್ಲಿನ ಕಿರುನಾಳಗಳನ್ನು ತೆರೆದಿಡುತ್ತವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವುನಿವಾರಕಗಳು ನೋವನ್ನು ತಗ್ಗಿಸುವುದೇ ಪ್ರೊಸ್ಟಗ್ಲಾಂಡಿನ್‌ಗಳನ್ನು ತಡೆದು. ನೀರು ತುಂಬಿದ ಮೈಯಲ್ಲಿ ಒಂದೆರಡು ಮಾತ್ರೆ ಸಾಮಾನ್ಯವಾಗಿ ಜೀರ್ಣವಾಗಿ ಹೋಗುತ್ತವೆ. ಒಣಗಿದ ಮೈಯಲ್ಲಿ ಅವೇ ಮಾತ್ರೆಗಳು ಮೂತ್ರಪಿಂಡದ ಕೊನೆಯ ಆಸರೆಯನ್ನೂ ಕಿತ್ತುಕೊಳ್ಳುತ್ತವೆ. ಊರಿನಿಂದ ಬರುವಾಗ ಪೆಟ್ಟಿಗೆ ತುಂಬ ಇಂಥ ಪಟ್ಟಿಗಳನ್ನು ಹೊತ್ತು ತರುವ ನಮ್ಮವರ ಅಭ್ಯಾಸ ನನಗೆ ಭಯ ಹುಟ್ಟಿಸುತ್ತದೆ. ರಕ್ತದೊತ್ತಡಕ್ಕೆ ಅಥವಾ ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು, ವಾಂತಿಭೇದಿಯಾದ ದಿನ ಯಾವ ಮಾತ್ರೆಯನ್ನು ನಿಲ್ಲಿಸಬೇಕೆಂದು ತಮ್ಮ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಪದೇ ಪದೇ ಒಣಗುವ ಮೂತ್ರಪಿಂಡ ಸದ್ದಿಲ್ಲದೆ ಗಾಯಗೊಳ್ಳುತ್ತದೆ. ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳ ಕಬ್ಬಿನ ಗದ್ದೆಗಳಲ್ಲಿ ದುಡಿಯುವ ಯುವಕರು ಮಧುಮೇಹವಾಗಲಿ ಹಳೆಯ ರಕ್ತದೊತ್ತಡವಾಗಲಿ ಇಲ್ಲದೆಯೇ ಮೂತ್ರಪಿಂಡಗಳನ್ನು ಕಳೆದುಕೊಳ್ಳುತ್ತಿರುವುದು ಈಚಿನ ದಶಕಗಳಲ್ಲಿ ಬೆಳಕಿಗೆ ಬಂದಿತು. ಬಿಸಿಲಿನ ದುಡಿಮೆ ಅದರ ಮುಖ್ಯ ಕಾರಣಗಳಲ್ಲೊಂದೆಂದು ಅನೇಕರು ಭಾವಿಸುತ್ತಾರೆ. ಕೊಲ್ಲಿ ದೇಶಗಳಿಂದ ಮರಳಿದ ಯುವಕರಲ್ಲಿ ಇಂಥದೇ ಸ್ಥಿತಿಯನ್ನು ನೇಪಾಳದ ವೈದ್ಯರೂ ಕಂಡಿದ್ದಾರೆ. ಕುವೈತಿನಲ್ಲಿ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಿನಲ್ಲಿ ಕೆಲಸ ನಿಷಿದ್ಧವಾಗಿರುವುದು ಬರೀ ಆಯಾಸ ತಪ್ಪಿಸಲೆಂದಲ್ಲ.

ಹಾಗಾದರೆ ಎಷ್ಟು ಕುಡಿಯಬೇಕು? ಎಲ್ಲರಿಗೂ ಒಂದೇ ಅಳತೆಯನ್ನು ನಾನು ಹೇಳಲಾರೆ. ಹೃದಯ ದುರ್ಬಲವಾದವರಿಗೆ ಹೆಚ್ಚು ನೀರೇ ಅಪಾಯ. ಉಳಿದವರಿಗೆ ಮೂತ್ರದ ಬಣ್ಣವೇ ಮಾಪಕ: ತಿಳಿ ಹುಲ್ಲಿನ ಬಣ್ಣವಿರಲಿ, ಚಹಾದ ಬಣ್ಣ ಬೇಡ. (ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಈ ಮಾಪಕವನ್ನು ನಂಬಬೇಡಿ.) ದಿನವಿಡೀ ಬೆವರಿದವನು ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿಯಬಹುದು. ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿತಿಳಿಯೋ ಅಲ್ಲಿ ನೀರಿಗಿಂತ ಮೇಲು. ಇಲ್ಲಿನ ಅಂಗಡಿಗಳ ಲಬಾನ್ ನಮ್ಮ ಮಜ್ಜಿಗೆಗೆ ತೀರ ದೂರವೇನಲ್ಲ.

ಮೂತ್ರಪಿಂಡದ ಕಲ್ಲಿನ ಬಗ್ಗೆಯೂ ಒಂದು ಮಾತು. ನಮ್ಮ ಬಯಲುಸೀಮೆಯವರು ಕಲ್ಲಿಗೆ ಕೊಳವೆಬಾವಿಯ ಗಡಸು ನೀರನ್ನು ದೂರುತ್ತಾರೆ. ಕುವೈತಿನ ಕುಡಿಯುವ ನೀರಾದರೋ ಮುಖ್ಯವಾಗಿ ಸಮುದ್ರದ ನೀರನ್ನು ಬಟ್ಟಿ ಇಳಿಸಿ ಪಡೆದದ್ದು. ಆದರೂ ಇಲ್ಲಿ ಕಲ್ಲುಗಳು ಸಾಮಾನ್ಯ. ಮೂತ್ರ ಕಡಿಮೆಯಾಗಿ ಗಾಢವಾದಾಗ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಹರಳುಗಟ್ಟುತ್ತವೆ; ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ನೋಡಿಕೊಂಡರೆ ಆ ಸಂಭವ ಬಹಳ ತಗ್ಗುತ್ತದೆ. ಕಲ್ಲಾಯಿತೆಂದು ಹಾಲು ಮೊಸರು ಬಿಡುವುದು ತಪ್ಪು: ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಗೊಯ್ಯುತ್ತದೆ. ಕಡಿಮೆ ಮಾಡಬೇಕಾದದ್ದು ಊಟದ ಉಪ್ಪು ಮತ್ತು ಪಾಲಕ್. ನಿಂಬೆಹಣ್ಣಿನ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಬಿಸಿಲಿನಲ್ಲಿ ಬೆವರಿಳಿಸಿ ದುಡಿಯುವವರಿಗೆ ಹೇಳಿದ ಉಪ್ಪಿನ ಮಾತು ಏಸಿ ಕೋಣೆಯಲ್ಲಿ ಕೂರುವವರಿಗೆ ಅನ್ವಯಿಸದು.

ಕ್ರಿಯಾಟಿನಿನ್ ಬಗ್ಗೆ ಒಂದು ಎಚ್ಚರ. ಮೂತ್ರಪಿಂಡದ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧದಷ್ಟು ಕುಗ್ಗುವವರೆಗೂ ಅದು ಸಹಜ ಮಿತಿಯೊಳಗೇ ಉಳಿಯಬಹುದು. ಆದ್ದರಿಂದ ಮಧುಮೇಹ ಅಥವಾ ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಕುಂದಾಪುರದ ಆ ಗೆಳೆಯರ ಕ್ರಿಯಾಟಿನಿನ್ ಆರು ವಾರಗಳಲ್ಲಿ 1.4ಕ್ಕೆ ಇಳಿಯಿತು, ಅಲ್ಲಿಯೇ ನಿಂತಿತು. ಈಗ ಅವರು ನೀರಿನ ಬಾಟಲಿ ಹಿಡಿದೇ ಕೆಲಸಕ್ಕೆ ಹೋಗುತ್ತಾರೆ. ಪ್ರತಿ ವರ್ಷ ಬಿಸಿಲೇರುವ ಮುನ್ನ, ಏಪ್ರಿಲ್‌ನಲ್ಲಿ, ರಕ್ತ ಕೊಡಲು ಬರುತ್ತಾರೆ.