ಕೆಂಪು ಕಡ್ಡಿಗಳನ್ನು ಎಣಿಸಿದವರು

ಕ್ಷಯವೆಂಬ ಮಾತು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ದಕ್ಷನ ಶಾಪದಿಂದ ಚಂದ್ರನು ದಿನದಿನಕ್ಕೂ ಸವೆದ ಕಥೆಯನ್ನು ಪುರಾಣಗಳು ಹೇಳುತ್ತವೆ. ಆಯುರ್ವೇದದ ಗ್ರಂಥಗಳು ಈ ವ್ಯಾಧಿಯನ್ನು ರಾಜಯಕ್ಷ್ಮವೆಂದು ಕರೆದವು. ಹೆಸರು ಇಷ್ಟು ಪ್ರಾಚೀನವಾದರೂ ರೋಗದ ಬೀಜ ಮನುಷ್ಯನ ಕಣ್ಣಿಗೆ ಬಿದ್ದದ್ದು 1882ರಲ್ಲಿ. ಆ ವರ್ಷದ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್ನಿನ ವಿದ್ವಾಂಸರ ಸಭೆಯಲ್ಲಿ ಕ್ಷಯದ ದಂಡಾಣುವನ್ನು ತೋರಿಸಿದನು. ಮೇಣದಂಥ ಹೊದಿಕೆಯುಳ್ಳ ಈ ಅಣುಜೀವಿ ಬಣ್ಣವನ್ನು ಸುಲಭವಾಗಿ ಹಿಡಿಯುವುದಿಲ್ಲ. ಒಮ್ಮೆ ಹಿಡಿಯಿತೆಂದರೆ ಆಮ್ಲದಲ್ಲಿ ತೊಳೆದರೂ ಬಿಡುವುದಿಲ್ಲ. ಈ ಹಟಮಾರಿತನವನ್ನೇ ಉಪಾಯವಾಗಿಸಿಕೊಂಡ ವರ್ಣಲೇಪನ ವಿಧಾನವೊಂದು ಜೀಲ್ ಮತ್ತು ನೀಲ್ಸನ್ ಎಂಬಿಬ್ಬರ ಹೆಸರಿನಲ್ಲಿ ಉಳಿದಿದೆ.

ಆ ವಿದ್ವಾಂಸರ ಕೀರ್ತಿ ಗ್ರಂಥಗಳಲ್ಲಿದೆ. ಅವರ ವಿಧಾನವನ್ನು ಊರೂರಿನ ಆಸ್ಪತ್ರೆಗಳ ಮೂಲೆಯ ಕೋಣೆಗಳಲ್ಲಿ ದಿನವೂ ನಡೆಸಿಕೊಂಡು ಬಂದ ಪ್ರಯೋಗಶಾಲೆಯ ತಂತ್ರಜ್ಞರ ಕಥೆಯನ್ನು ಮಾತ್ರ ನಾವು ಅಷ್ಟಾಗಿ ಕೇಳಿಲ್ಲ. ಆ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ನಾಡಿನಲ್ಲಿಯೇ ನಡೆಯಿತು.

ಕ್ಷಯವು ಗಿರಣಿಯ ಹೊಗೆಯಲ್ಲಿ, ಇಕ್ಕಟ್ಟಾದ ವಠಾರಗಳಲ್ಲಿ ಹುಟ್ಟುವ ಪಟ್ಟಣದ ರೋಗವೆಂದು ಬಹುಕಾಲ ನಂಬಲಾಗಿತ್ತು. 1955ರಿಂದ 1958ರವರೆಗೆ ದೇಶದಲ್ಲಿ ನಡೆದ ಮಾದರಿ ಸಮೀಕ್ಷೆ ಈ ನಂಬಿಕೆಯನ್ನು ಕೆಡವಿತು. ರೋಗ ಹಳ್ಳಿಗಳಲ್ಲಿಯೂ ಪಟ್ಟಣದಷ್ಟೇ ಇತ್ತು. ಹಳ್ಳಿಗರ ಸಂಖ್ಯೆಯೇ ಹೆಚ್ಚಾದುದರಿಂದ ರೋಗಿಗಳಲ್ಲಿ ಹೆಚ್ಚಿನವರು ಹಳ್ಳಿಯವರೇ ಆಗಿದ್ದರು. ಅಷ್ಟು ಜನಕ್ಕೆ ಸ್ಯಾನಟೋರಿಯಮ್ಮುಗಳನ್ನು ಕಟ್ಟಿಸುವುದು ಆಗುವ ಮಾತಾಗಿರಲಿಲ್ಲ. ಬೇರೆ ದಾರಿಯನ್ನು ಹುಡುಕುವ ಕೆಲಸ 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ಬಂದಿತು.

ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ಅಲ್ಲಿ ಪತ್ತೆಯಾದ ರೋಗಿಗಳನ್ನು ಕುರಿತು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸುವವರಲ್ಲ ಎಂದು ತಿಳಿದಿದ್ದವರಿಗೆ ಅದು ಕಣ್ಣು ತೆರೆಯಿಸಿತು. ಕಫದಲ್ಲಿ ದಂಡಾಣುವಿದ್ದವರ ಪೈಕಿ ಬಹುತೇಕ ಎಲ್ಲರಿಗೂ ತಮಗೆ ಕಾಯಿಲೆಯಾಗಿದೆಯೆಂಬ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಸ್ಪತ್ರೆಯ ಬಾಗಿಲಿಗೂ ಹೋಗಿ ಬಂದಿದ್ದರು. ಆದರೆ ಅವರ ಕೈಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧ! ರೋಗಿ ಬಂದಿದ್ದ, ಅವನ ಕಫವನ್ನು ನೋಡುವ ಕಣ್ಣು ಅಲ್ಲಿರಲಿಲ್ಲ. ತಪ್ಪು ಯಾರದೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಈ ವಿವೇಕದ ಮೇಲೆ ನಿಂತಿತು. ಜಿಲ್ಲೆಗೊಂದು ಕೇಂದ್ರ, ಅಲ್ಲಿಗೆ ಬೆಂಗಳೂರಿನಲ್ಲಿ ತರಬೇತಾದ ಒಂದು ತಂಡ, ಆ ತಂಡದಲ್ಲಿ ವೈದ್ಯಾಧಿಕಾರಿಯ ಜೊತೆಗೆ ಒಬ್ಬ ಪ್ರಯೋಗಶಾಲಾ ತಂತ್ರಜ್ಞ. ಕ್ಷ-ಕಿರಣದ ಯಂತ್ರ ದುಬಾರಿ. ವಿದ್ಯುತ್ತಿಲ್ಲದ ಕಡೆ ನಿರುಪಯೋಗಿ. ಸೂಕ್ಷ್ಮದರ್ಶಕಕ್ಕಾದರೋ ಕಿಟಕಿಯ ಬಳಿ ಒಂದು ಮೇಜು, ಕನ್ನಡಿಯ ಮೇಲೆ ಬೀಳುವಷ್ಟು ಹಗಲಿನ ಬೆಳಕು ಸಾಕು.

ಆತನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ರೋಗಿಗೆ ತಿಳಿಯಹೇಳಬೇಕು: ಬೇಕಾದುದು ಬಾಯಿಯ ಉಗುಳಲ್ಲ, ಎದೆಯಾಳದಿಂದ ಬಂದ ಕಫ. ಅದನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ದ್ರವವನ್ನು ಹೊಯ್ದು, ಕೆಳಗಿನಿಂದ ಜ್ವಾಲೆ ತೋರಿಸಬೇಕು. ಆವಿ ಏಳಬೇಕು, ಕುದಿಯಬಾರದು. ಅನಂತರ ಗಂಧಕಾಮ್ಲದ ತೊಳೆತ, ಕೊನೆಗೆ ನೀಲಿ ಬಣ್ಣ. ಆಗ ನೀಲಿಯ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಕಂಡರೆ ಅದು ಕ್ಷಯ. ಸಾವಿರ ಪಟ್ಟು ಹಿಗ್ಗಿಸಿದ ನೋಟದಲ್ಲಿ ಒಂದೊಂದೇ ವೃತ್ತವನ್ನು ಸರಿಸುತ್ತ ಹೋಗಬೇಕು. ಏನೂ ಕಾಣದಿದ್ದರೆ 100 ವೃತ್ತಗಳನ್ನಾದರೂ ನೋಡದೆ ‘ಇಲ್ಲ’ ಎಂದು ಬರೆಯುವಂತಿಲ್ಲ.

‘ಇದೆ’ ಎನ್ನುವುದಕ್ಕೆ ಕೆಲವೊಮ್ಮೆ ಕ್ಷಣ ಸಾಕು. ‘ಇಲ್ಲ’ ಎನ್ನುವುದೇ ಕಷ್ಟ. ಇಪ್ಪತ್ತನೆಯ ವೃತ್ತಕ್ಕೇ ಕಣ್ಣೆತ್ತಿದರೂ ಆ ಹೊತ್ತಿನಲ್ಲಿ ಕೇಳುವವರಿಲ್ಲ. ಕಣ್ಣು ಬಳಲಿರುತ್ತದೆ, ಹೊರಗೆ ಜನ ಕಾದಿರುತ್ತಾರೆ. ಆದರೆ ಎಂಬತ್ತನೆಯ ವೃತ್ತದಲ್ಲಿದ್ದ ಕೆಂಪು ಕಡ್ಡಿಯನ್ನು ಕಾಣದೆ ಬಿಟ್ಟರೆ ಒಬ್ಬ ತಾಯಿ ಅದೇ ಕೆಮ್ಮಿನೊಡನೆ ಮಕ್ಕಳು ಮಲಗುವ ಕೋಣೆಗೆ ಹಿಂತಿರುಗುತ್ತಾಳೆ. ಇಲ್ಲದ್ದನ್ನು ಕಂಡೆನೆಂದರೆ ಆರೋಗ್ಯವಂತನು ತಿಂಗಳುಗಟ್ಟಲೆ ಔಷಧ ನುಂಗಬೇಕು. ನೋಡಿದ ಸ್ಲೈಡುಗಳನ್ನು ಕಾಪಿಟ್ಟು, ಮೊದಲ ಫಲಿತಾಂಶವನ್ನು ತಿಳಿಸದೆ ಮತ್ತೊಬ್ಬರಿಂದ ನೋಡಿಸುವ ಪದ್ಧತಿ ಬಂದದ್ದು ಇದಕ್ಕಾಗಿಯೇ. ಆದರೂ ಈ ವೃತ್ತಿಯ ಮೊದಲ ಕಾವಲುಗಾರ ಅವರವರ ಅಂತಃಸಾಕ್ಷಿಯೇ. ಇಷ್ಟರ ಮೇಲೆ, ಪ್ರತಿ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ಸೋಂಕಿನ ಭಯ ತಪ್ಪಿದ್ದಲ್ಲ.

ಈ ವಿಧಾನಕ್ಕೆ ಮಿತಿಗಳಿದ್ದವು. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ದಂಡಾಣುಗಳಾದರೂ ಇಲ್ಲದಿದ್ದರೆ ಅವು ಸೂಕ್ಷ್ಮದರ್ಶಕಕ್ಕೆ ಸಿಕ್ಕುವುದು ಕಷ್ಟ. ಕಫವನ್ನು ಹೊರಹಾಕಲಾರದ ಎಳೆಯ ಮಕ್ಕಳ ರೋಗ ಅದರ ಕೈಗೆ ಎಟುಕದು. ಔಷಧಕ್ಕೆ ಬಗ್ಗದ ದಂಡಾಣು ಯಾವುದೆಂದು ಅದು ಹೇಳದು. ಈ ಕೊರತೆಯನ್ನು ತುಂಬಲು ದಂಡಾಣುವಿನ ವಂಶವಸ್ತುವನ್ನೇ ಗುರುತಿಸುವ ಯಂತ್ರಗಳು ಬಂದಿವೆ. ಅವುಗಳಲ್ಲೊಂದಾದ ಟ್ರೂನ್ಯಾಟ್‌ನ ಹಿಂದಿನ ಸಂಶೋಧನೆ ನಡೆದದ್ದು ಬೆಂಗಳೂರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 2020ರಲ್ಲಿ ಮಾನ್ಯ ಮಾಡಿತು.

ಯಂತ್ರ ಬದಲಾದರೂ ಅದರ ಮುಂದೆ ಒಬ್ಬರು ಕುಳಿತೇ ಇರಬೇಕು. ಡಬ್ಬಿಯ ಮೇಲಿನ ಹೆಸರನ್ನು ಸರಿಯಾಗಿ ಓದಬೇಕು, ಒಳಗಿರುವುದು ಉಗುಳೋ ಕಫವೋ ಎಂದು ನೋಡಬೇಕು. ರೋಗಿಗೆ ಇವರ ಮುಖ ನೆನಪಿರುವುದಿಲ್ಲ. ಗುಣವಾದ ಮೇಲೆ ಆತ ಕೈಮುಗಿಯುವುದು ವೈದ್ಯರಿಗೆ. ಒಂದು ಕಾಲಕ್ಕೆ ಕೆಮ್ಮಿನ ಸೀಸೆಯೊಂದಿಗೆ ಹಿಂತಿರುಗಿದ ಹಳ್ಳಿಗನಿಗೆ ನ್ಯಾಯ ದೊರಕಿಸಿದವರಲ್ಲಿ, ಕಿಟಕಿಯ ಬೆಳಕಿನಲ್ಲಿ ನೂರನೆಯ ವೃತ್ತದವರೆಗೂ ಕಣ್ಣೆತ್ತದೆ ಕುಳಿತ ಇವರೂ ಸೇರುತ್ತಾರೆ.