ಚೆಂಬಿನಿಂದ ಪಾಣಿಪಾತ್ರದವರೆಗೆ: ಜೈನ ಮನೆಯ ಜಲಪಾತ್ರೆಗಳು

ಕನ್ನಡದ ‘ಚೆಂಬು’ ಶಬ್ದಕ್ಕೆ ತಾಮ್ರವೆಂಬುದೇ ಮೂಲಾರ್ಥ. ಲೋಹದ ಹೆಸರು ಕ್ರಮೇಣ ಪಾತ್ರೆಯ ಹೆಸರಾಯಿತು. ಇಂದು ಸ್ಟೀಲಿನದಾದರೂ ಅದು ‘ಚೊಂಬು’ ಎಂದೇ ಕರೆಯಿಸಿಕೊಳ್ಳುತ್ತದೆ. ವಸ್ತು ಬದಲಾದರೂ ಶಬ್ದವು ಹಳೆಯ ಲೋಹದ ನೆನಪನ್ನು ಉಳಿಸಿಕೊಂಡಿದೆ.

ನೀರು ತರಲು ಕೊಡ, ಬಿಂದಿಗೆ, ತುಂಬಿಡಲು ಗುಡಾಣ, ಹರವಿ, ತಣ್ಣಗಿರಿಸಲು ಹೂಜಿ, ಕುಡಿಯಲು ಕೊಡುವುದಕ್ಕೆ ತಂಬಿಗೆ, ಚೆಂಬು, ಧಾರೆಯಾಗಿ ಸುರಿಯಲು ಕೊಳವೆಮೂತಿಯ ಗಿಂಡಿ. ಹೀಗೆ ಕನ್ನಡ ನಾಡಿನ ಮನೆಗಳಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಪಾತ್ರೆಯಿತ್ತು. ಶ್ರಾವಕರ ಮನೆಯಲ್ಲಿ ಈ ವಿಂಗಡಣೆಗೆ ಅನುಕೂಲದ ಜೊತೆಗೆ ವ್ರತವೂ ಕಾರಣವಾಗಿತ್ತು.

ಜೈನಾಚಾರದಲ್ಲಿ ಜಲಗಾಲನವು ಅಹಿಂಸೆಯ ನಿತ್ಯರೂಪ. ಪಾತ್ರೆಯ ಬಾಯಿಗಿಂತ ಅಗಲವಾದ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೀರು ಸೋಸಬೇಕು. ಪ್ರಚಲಿತ ಎಣಿಕೆಯಂತೆ ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಆದ್ದರಿಂದ ಸೋಸದ ನೀರಿನ ಪಾತ್ರೆ ಬೇರೆ, ಸೋಸಿದ ನೀರಿನ ಪಾತ್ರೆ ಬೇರೆ. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿಟ್ಟ ಮಾತ್ರಕ್ಕೆ ಅದು ಕುಡಿಯಲು ಯೋಗ್ಯವೆನಿಸುತ್ತಿರಲಿಲ್ಲ.

ಸೋಸುವಿಕೆ ಅಲ್ಲಿಗೆ ಮುಗಿಯದು. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು, ಅಂದರೆ ‘ಜೀವಾಣಿ’ಯನ್ನು, ಸೋಸಿದ ನೀರಿನಿಂದಲೇ ತೊಳೆದು ಅದೇ ಜಲಾಶಯಕ್ಕೆ ಮರಳಿಸಬೇಕು. ಮೇಲಿನಿಂದ ಸುರಿದರೆ ಜೀವಘಾತವಾಗುವುದೆಂದು, ಬಾವಿಯ ನೀರಿನ ಮಟ್ಟ ಮುಟ್ಟಿದ ಮೇಲೆಯೇ ಮಗುಚಿಕೊಳ್ಳುವಂತೆ ತಳಕ್ಕೆ ಕೊಂಡಿ ಹಾಕಿದ ಪಾತ್ರೆಯೊಂದು ರೂಪುಗೊಂಡಿತು. ಕಾಣದ ಜೀವದ ಮೇಲಿನ ಕಾಳಜಿ ಇಲ್ಲಿ ಪಾತ್ರೆಯ ಆಕಾರವನ್ನೇ ನಿರ್ಣಯಿಸಿದೆ.

ಈ ಪಾತ್ರೆಗಳ ಪರಂಪರೆ ತಲುಪುವ ಕೊನೆಯ ಹಂತ ಆಹಾರದಾನ. ದಿಗಂಬರ ಮುನಿಗಳ ಕಮಂಡಲು ಶೌಚೋಪಕರಣವೇ ಹೊರತು ಕುಡಿಯುವ ಪಾತ್ರೆಯಲ್ಲ. ದಿನಕ್ಕೊಮ್ಮೆ ನಿಂತು ಆಹಾರ ಸ್ವೀಕರಿಸುವ ಅವರಿಗೆ ಬೊಗಸೆಯೇ ಪಾತ್ರೆ. ಶ್ರಾವಕನು ತನ್ನ ಪಾತ್ರೆಯಿಂದ ಆ ಪಾಣಿಪಾತ್ರಕ್ಕೆ ನೀರೆರೆಯುವಾಗ ಸಂಗ್ರಹವೂ ತ್ಯಾಗವೂ ಎದುರುಬದುರಾಗುತ್ತವೆ.

ತೀರ್ಥಂಕರರ ಜನನಿ ಕಾಣುವ ಹದಿನಾರು ಕನಸುಗಳಲ್ಲಿ ಪೂರ್ಣಕುಂಭಗಳಿವೆ. ನಾಗಚಂದ್ರನು ಪುರಾಣ ರಚಿಸಿದ 19ನೆಯ ತೀರ್ಥಂಕರ ಮಲ್ಲಿನಾಥನ ಲಾಂಛನ ಕಲಶ. ಕಾವ್ಯದ ಕಲಶವನ್ನು ಅರ್ಥೈಸುವವರು ಮನೆಯ ಕೊಡವನ್ನೂ ಗಮನಿಸಬೇಕು. ನಲ್ಲಿ ಬಂದ ಮೇಲೆ ಮೂಲೆ ಸೇರಿದ ಹಿತ್ತಾಳೆ, ತಾಮ್ರದ ಪಾತ್ರೆಗಳು ಇಂದು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ. ಕರಗುವ ಪಾತ್ರೆಯ ಜೊತೆಗೆ ಅದರ ಹೆಸರೂ, ಆ ಹೆಸರಿಗಂಟಿದ ಆಚಾರವೂ ಅಳಿಯುತ್ತವೆ. ಗುಜರಿಗೆ ಹಾಕುವ ಮುನ್ನ ಅದರ ಹೆಸರು, ಅಳತೆ, ಬಳಕೆಗಳನ್ನಾದರೂ ಬರೆದಿಡುವುದು ಸಂಶೋಧಕರ ತುರ್ತು ಕರ್ತವ್ಯ.